ಬೀಗಿತ್ತಿ ಮೆಚ್ಚಿದ ನಾಟಿ ಕೋಳಿ

ಕೋಳಿಯ ವಿಷಯದಲ್ಲಿ ನನ್ನ ಮಾತಿಗೆ ಇಡೀ ತಾಲ್ಲೂಕಿನಲ್ಲಿ ಬೆಲೆಯಿದೆ, ಒಂದೇ ಒಂದು ಮನೆಯಲ್ಲಿ ಇಲ್ಲ. ಆ ಮನೆ ನನ್ನದೇ ಆಗಿರುವುದು ನನ್ನ ಹಣೆಬರಹ.

ನಾನು ಟಿ. ನರಸೀಪುರದ ಪಶು ಆಸ್ಪತ್ರೆ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ, ಹೆಸರು ರಾಜೇಂದ್ರ. ನಮ್ಮೂರು ಹದಿನಾರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಊರಿನಲ್ಲಿ ನನ್ನನ್ನು ‘ಕೋಳಿ ಡಾಕ್ಟ್ರು’ ಅನ್ನುತ್ತಾರೆ. ನಾನು ಬೇಡ ಅಂದಿಲ್ಲ. ನಿಜ ಹೇಳಬೇಕೆಂದರೆ ನಾನು ಜೀವಮಾನದಲ್ಲಿ ಕೋಳಿಯ ಕಾಲು ಕಟ್ಟಿದವನಲ್ಲ, ಕೋಳಿಯ ಕಡತ ಕಟ್ಟಿದವನು. ಆದರೆ ‘ಹಿತ್ತಲ ಕೋಳಿ ಸಾಕಾಣಿಕೆ: ಸುಧಾರಿತ ತಳಿಗಳು’ ಎಂಬ ಕರಪತ್ರವನ್ನು ಈ ಎರಡು ಕೈಗಳಿಂದ ಹದಿನಾಲ್ಕು ಸಲ ಟೈಪ್ ಮಾಡಿದ್ದೇನೆ. ಇನ್ನೇನು ಬೇಕು ಒಬ್ಬ ಮನುಷ್ಯನಿಗೆ ಜ್ಞಾನ ಬರಲು?

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ನನ್ನ ತಂಗಿ ಮಧುಶ್ರೀಯನ್ನು ತಾಂಡವಪುರಕ್ಕೆ ಕೊಟ್ಟು ವರ್ಷವಾಗಿತ್ತು. ಅವಳಿಗೆ ಎರಡು ತಿಂಗಳು ಎಂಬ ಸುದ್ದಿ ಬಂದ ಸಂಜೆಯೇ ನಮ್ಮವ್ವ ಗೋವಿಂದಮ್ಮ ಹಿತ್ತಿಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಲೇ ರಾಜೇಂದ್ರ, ಒಂದು ಕೋಳಿಗೂಡು ಕಟ್ಸಬೇಕು ಕಣ್ಲಾ. ಬಾಣಂತನಕ್ಕೆ ಕೋಳಿ ಬೇಕು.”

ನಮ್ಮ ಕಡೆ ಬಾಣಂತಿಗೆ ನಾಟಿ ಹ್ಯಾಟೆಯ ಸಾರೇ ಆಗಬೇಕು. ಹ್ಯಾಟೆ ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆ ಹೆಣ್ಣು ಕೋಳಿ. ಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಕಾಯಿಸಿದರೆ ಸೊಂಟ ಗಟ್ಟಿ, ಮಗುವಿಗೆ ಹಾಲು. ಅದೂ ಸಂತೆಯಿಂದ ತಂದದ್ದಲ್ಲ, ತೌರಿನ ಹಿತ್ತಿಲಲ್ಲೇ ಬೆಳೆದದ್ದಾದರೆ ಮರ್ಯಾದೆ. ಇದರ ಮೇಲೆ ನಮ್ಮ ತಾಂಡವಪುರದ ಬೀಗಿತ್ತಿ, ಅಂದರೆ ಮಧುಶ್ರೀಯ ಅತ್ತೆ, ಮದುವೆ ಚಪ್ಪರದಲ್ಲೇ ಒಂದು ಮಾತು ಎಸೆದಿದ್ದಳು: “ನಮ್ಮ ದೊಡ್ಡ ಸೊಸೆ ಬಾಣಂತನಕ್ಕೆ ಅವ್ರ ತೌರ್ನೋರು ಅನ್ನೊಂದು ನಾಟಿ ಯಾಟೆ ಕೊಯ್ದಿದ್ರು ಕಣಮ್ಮ.” ಆ ಹನ್ನೊಂದು ಹ್ಯಾಟೆಗಳು ವರ್ಷವಿಡೀ ನಮ್ಮವ್ವನ ಎದೆಯ ಮೇಲೆ ಕೆದಕುತ್ತಿದ್ದವು. ಮಗಳ ಬಾಣಂತನದಲ್ಲಿ ಬೀಗಿತ್ತಿಯ ಬಾಯಿ ಮುಚ್ಚಿಸುವುದು ಅವಳ ಪಾಲಿಗೆ ಬದುಕಿನ ಪ್ರಶ್ನೆಯಾಗಿತ್ತು.

“ನಾಟಿ ಕೋಳಿ ಐದು ಸಾಕು. ಇನ್ನೇಳು ತಿಂಗ್ಳಲ್ಲಿ ಮರಿ ಮಾಡಿ ಇತ್ಲು ತುಂಬ್ತವೆ,” ಅಂದಳು ಅವ್ವ.

“ಅತ್ತೆ, ಬಿಳೀ ಲೆಗಾರನ್ ಸಾಕಣ,” ಎಂದಳು ನನ್ನ ಹೆಂಡತಿ ಶಿವನಂಜಮ್ಮ. “ದಿನಕ್ಕೊಂದು ಮೊಟ್ಟೆ ಇಡ್ತವಂತೆ.”

“ಅದು ಮೊಟ್ಟೆ ಇಕ್ಕೋ ಮಿಸಿನ್ನು ಕಣಮ್ಮಿ. ಕೊಯ್ದರೆ ಒಳಗೆ ಏನೈತೆ, ಮೂಳೆ!”

ಇಂಥ ಸಮಯದಲ್ಲಿ ವಿದ್ಯಾವಂತನಾದವನು ಸುಮ್ಮನಿರಬಾರದು. ನಾನು ಕಚೇರಿಯಲ್ಲಿ ಒಂದು ತುಲನಾತ್ಮಕ ತಖ್ತೆ ತಯಾರಿಸಿ, ಮೂರು ಪ್ರತಿ ತೆಗೆದು, ಊಟಕ್ಕೆ ಮುಂಚೆ ಇಬ್ಬರಿಗೂ ಹಂಚಿದೆ (ಮೂರನೆಯದು ಕಚೇರಿ ಪ್ರತಿ). ನಾಟಿ: ತೂಕ ಕಮ್ಮಿ, ಮೊಟ್ಟೆ ಕಮ್ಮಿ, ಅಹಂಕಾರ ಜಾಸ್ತಿ. ಲೆಗ್‌ಹಾರ್ನ್: ಮೊಟ್ಟೆ ಜಾಸ್ತಿ, ಮಾಂಸ ಶೂನ್ಯ. ಗಿರಿರಾಜ (ನಮ್ಮ ಇಲಾಖೆಯ ಯೋಜನೆಯಲ್ಲಿ ರೈತರಿಗೆ ಬಿಟ್ಟಿ ಹಂಚುವ ತಳಿ): ನೋಡಲು ನಾಟಿಯಂತೆ ಬಣ್ಣ ಬಣ್ಣ, ತೂಕ ನಾಟಿಯ ಎರಡರಷ್ಟು, ಮೊಟ್ಟೆಯೂ ಉಂಟು, ಮನೆಯ ಕಸಕಡ್ಡಿ ತಿಂದು ಬದುಕುವ ಸರಳ ಜೀವಿ. ಅವ್ವ ಓದು ಬಾರದವಳು, ತನ್ನ ಪ್ರತಿಯ ಮೇಲೆ ಬಿಸಿ ಮುದ್ದೆಯ ಪಾತ್ರೆ ಇಟ್ಟಳು. ಶಿವನಂಜಮ್ಮ ಓದಿದಳು. ಓದಿ, “ಗಿರಿರಾಜನ ಕಾಲಂನಲ್ಲಿ ಒಂದೂ ದೋಷ ಇಲ್ಲವಲ್ರೀ. ನಿಮ್ಮ ಜಾತಕಾನೂ ಮದುವೇಲಿ ಹಿಂಗೇ ಬರೆದಿದ್ರು,” ಅಂದಳು.

ಆದರೂ ಗಂಡಸಿನ ಹಟ ಗೆದ್ದಿತು. ತಿಂಗಳು ತುಂಬಿದ ಹತ್ತು ಗಿರಿರಾಜ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಹದಿನಾರಿಗೆ ಬಂದವು. ಎರಡನ್ನು ಹದ್ದು ಒಯ್ದಿತು. ಉಳಿದ ಎಂಟು ಬೆಳೆದವು, ಏನು ಬೆಳವಣಿಗೆ! ನಾಲ್ಕು ತಿಂಗಳಿಗೆ ಹುಂಜಗಳು ನಡೆದು ಬಂದರೆ ಪಕ್ಕದ ಮನೆಯ ನಾಯಿ ಎದ್ದು ದಾರಿ ಬಿಡುತ್ತಿತ್ತು. ಸರಳ ಜೀವಿಗಳು ಕಸಕಡ್ಡಿ ಮಾತ್ರ ಮುಟ್ಟಲಿಲ್ಲ, ಅಂಗಳದಲ್ಲಿ ಒಣಗಲು ಹಾಕಿದ ರಾಗಿ ಮುಗಿಸಿದವು. ಗೂಡಿನ ಮೇಲೆ ಹಾರಲು ಬಾರದೆ, ಸಂಜೆಯಾದರೆ ಯಾರಾದರೂ ಎತ್ತಿಕೊಳ್ಳಲಿ ಎಂದು ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಎತ್ತುವ ಕೆಲಸ ಕೋಳಿ ಡಾಕ್ಟ್ರದ್ದು.

“ಹೆಂಗವ್ವ, ಒಂದೊಂದೂ ಮೂರು ಕೆ.ಜಿ.!” ಎಂದೆ.

“ಐನಾತಿ ಅವೆ,” ಅಂದಳು ಅವ್ವ. “ಬೀಗಿತ್ತಿ ಮುಂದೆ ಇಕ್ಕಕ್ಕಾಗಲ್ಲ ಅಷ್ಟೆ. ಇದು ಕಂಪ್ನಿ ಕೋಳಿ ಕಣ್ಲಾ, ಬಾಣ್ತಿಗೆ ಸೀತ ಆಯ್ತದೆ.”

ಸೀಮಂತ ಮುಗಿಸಿ ಮಧುಶ್ರೀ ನಮ್ಮ ಮನೆಗೆ ಬಂದ ವಾರವೇ ಅವ್ವ ತನ್ನ ತೌರಾದ ಸೋಸಲೆಗೆ ಹೋಗಿ, ಕಂಡಕ್ಟರನ ಕಣ್ಣಿಗೆ ಬೀಳದಂತೆ ಸೆರಗಿನ ಮರೆಯಲ್ಲಿ ಒಂದು ಬೋಳುಕತ್ತಿನ ನಾಟಿ ಕೋಳಿಯನ್ನು ತಂದಳು. ಹಿಡಿಯಷ್ಟಿತ್ತು. ಬಂದ ದಿನವೇ ನನ್ನ ಮೂರು ಕೆ.ಜಿ.ಯ ಹುಂಜವೊಂದನ್ನು ಬಚ್ಚಲಿನ ತನಕ ಅಟ್ಟಿಸಿಕೊಂಡು ಹೋಯಿತು.

“ಇದು ಬಾಣ್ತಿಗೇ ಇರ್ಲಿ. ಎರಿಗೆ ಆದ ಒಂಬತ್ತನೇ ದಿನಕ್ಕೆ ಮೊದಲ ಸಾರು ಇದ್ರುದ್ದೇ,” ಎಂದು ಅವ್ವ ಅದಕ್ಕೆ ಬೇರೆಯೇ ಗೂಡು ಕೊಟ್ಟಳು. ಹ್ಯಾಟೆಯ ವಯಸ್ಸು ದಾಟಿದ್ದರೂ ಜಾತಿ ನಾಟಿ ತಾನೆ ಎಂಬುದು ಅವಳ ಸಮಾಧಾನ.

ಅಷ್ಟರಲ್ಲಿ ನನ್ನ ಗಿರಿರಾಜಗಳು ಮೊಟ್ಟೆ ಇಡತೊಡಗಿದವು. ಮರಿ ಮಾಡಿಸಿ ಅವ್ವನಿಗೆ ತೋರಿಸಿಬಿಡಬೇಕೆಂದು ನಾನು ಒಂದು ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ತುಂಡು ಮತ್ತು ಎರಡು ಇದ್ದಿಲು ಇಟ್ಟು, ಹನ್ನೆರಡು ಮೊಟ್ಟೆ ಜೋಡಿಸಿ, ಅತ್ಯಂತ ಗಂಭೀರ ಮುಖದ ಹೆಣ್ಣು ಕೋಳಿಯನ್ನು ಅದರ ಮೇಲೆ ಪ್ರತಿಷ್ಠಾಪಿಸಿದೆ. ಅದು ಎದ್ದು ಹೋಯಿತು. ಮತ್ತೆ ಕೂರಿಸಿದೆ. ಮತ್ತೆ ಹೋಯಿತು. ಕೊನೆಗೆ ಮೇಲೊಂದು ಮಂಕರಿ ಕವುಚಿ ಕಲ್ಲು ಹೇರಿದೆ. ಬೆಳಿಗ್ಗೆ ತೆಗೆದರೆ ಮಹಾತಾಯಿ ನಿಂತೇ ಇದ್ದಳು, ಕಾಲಡಿ ಎರಡು ಮೊಟ್ಟೆ ಒಡೆದಿದ್ದವು, ಮೂರನೆಯದನ್ನು ತಾನೇ ತಿನ್ನುತ್ತಿದ್ದಳು.

“ಆಮ್ಲೆಟ್ ಮಾಡಿದ್ದರೆ ನಾವಾದ್ರೂ ತಿಂತಿದ್ವಿ,” ಎಂದಳು ಶಿವನಂಜಮ್ಮ.

ಕಚೇರಿಯಲ್ಲಿ ನಮ್ಮ ನಿಜವಾದ ಡಾಕ್ಟರ ಹತ್ತಿರ ದುಃಖ ತೋಡಿಕೊಂಡೆ. ಅವರು ನನ್ನ ಮೇಜಿನಿಂದಲೇ ಕರಪತ್ರ ಎತ್ತಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಈ ತಳಿಯ ಕೋಳಿಗಳಿಗೆ ಕಾವು ಕೂರುವ ಗುಣ ಇರುವುದಿಲ್ಲ, ಮರಿ ಮಾಡಿಸಲು ನಾಟಿ ಕೋಳಿಯನ್ನು ಬಳಸುವುದು.’ ಹದಿನಾಲ್ಕು ಸಲ ಟೈಪ್ ಮಾಡಿದ್ದೆ. ಟೈಪ್ ಮಾಡುವವನು ಓದಲೂಬೇಕು ಎಂದು ಸೇವಾ ನಿಯಮದಲ್ಲಿ ಎಲ್ಲೂ ಇಲ್ಲ.

ಮನೆಯಲ್ಲಿ ಬೋಳುಕತ್ತಿ ಆಗಲೇ ಕಾವಿಗೆ ಬಂದು, ಮೊಟ್ಟೆಯಿಲ್ಲದ ಮೂಲೆಯಲ್ಲೂ ಕೊಕ್ಕೊಕ್ ಎಂದು ಮುದುಡಿ ಕೂರುತ್ತಿತ್ತು. ನಾನು ನಾಚಿಕೆ ಬಿಟ್ಟು ಅವ್ವನ ಮುಂದೆ ನಿಂತೆ. “ಅವ್ವ, ನನ್ನ ಒಂಬತ್ತು ಮೊಟ್ಟೆ ಉಳಿದವೆ. ನಿನ್ನ ಕೋಳಿ ಕೆಳಗೆ ಇಡವ್ವ. ಹೆರಿಗೆಗೆ ಇನ್ನೂ ತಿಂಗಳಿದೆ, ಅಷ್ಟೊತ್ತಿಗೆ ಮರಿ ಆಗಿಬಿಡ್ತವೆ.” ಅವ್ವ ನನ್ನ ಮುಖ ನೋಡಿದಳು, ಹೆತ್ತ ಕರುಳು, ಇಟ್ಟಳು.

ಆದರೆ ಮಗುವಿಗೆ ನನ್ನ ತಖ್ತೆ ಯಾರು ತೋರಿಸಿದ್ದರು? ಇಪ್ಪತ್ತು ದಿನ ಮೊದಲೇ ಹುಟ್ಟಿಬಿಟ್ಟಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಗಟ್ಟಿ. ಒಂಬತ್ತನೇ ದಿನ ಮಗು ನೋಡಲು ಬೀಗಿತ್ತಿ ಬರುತ್ತಾಳೆಂದು ತಾಂಡವಪುರದಿಂದ ಫೋನು ಬಂತು. ಅವ್ವ ಗೂಡಿನ ಹತ್ತಿರ ಹೋದಳು. ಬೋಳುಕತ್ತಿ ನನ್ನ ಒಂಬತ್ತು ಮೊಟ್ಟೆಯ ಮೇಲೆ ರೆಕ್ಕೆ ಹರಡಿ ಕೂತು, ಕಣ್ಣರಳಿಸಿ ನೋಡಿತು. ಕಾವಿಗೆ ಕೂತ ಕೋಳಿಯ ಕತ್ತು ಕೊಯ್ಯುವುದು ನಮ್ಮಲ್ಲಿ ಉಂಟೇ? ಅದೂ ಬಾಣಂತಿ ಇರುವ ಮನೆಯಲ್ಲಿ?

“ನೋಡ್ದಾ ನಿನ್ನ ಗಿರಿರಾಜ ಮಾಡಿದ ಕೆಲ್ಸವ?” ಅವ್ವನಿಗೆ ಅಳು ಬಂದಿತ್ತು. “ಇತ್ಲು ತುಂಬ ಕೋಳಿ, ಬಾಣ್ತಿಗೆ ಒಂದು ತೊಟ್ಟು ಸಾರಿಲ್ಲ. ನಾಳೆ ಅವ್ಳು ಬಂದು ಅನ್ನೊಂದು ಯಾಟೆ ಎಣಿಸ್ತಾಳೆ, ನಾನು ಏನ್ಲಾ ತೋರಿಸ್ಲಿ?”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅತ್ತದ್ದರಿಂದ ನನಗೆ ನಿಜವಾಗಿ ನೋವಾಯಿತು. “ನಾಟಿ ಹ್ಯಾಟೆ ತಾನೆ, ನಾನು ತರ್ತೀನಿ,” ಎಂದು ಎದ್ದೆ. ಊರಲ್ಲಿ ಮಾರಿಹಬ್ಬ ಮುಗಿದು ವಾರವಾಗಿದ್ದರಿಂದ ಬೆಳಿಗ್ಗೆ ಕೂಗಲು ಒಂದು ಹುಂಜವೂ ಉಳಿದಿರಲಿಲ್ಲ. ಸೋಸಲೆಯ ಬಸ್ಸು ಹತ್ತಿದೆ.

ಸೋಸಲೆ ಬಸ್‌ಸ್ಟಾಪಿನಲ್ಲಿ ಒಬ್ಬ ಮುದುಕ ಮಂಕರಿಯ ಪಕ್ಕ ಬೀಡಿ ಸೇದುತ್ತ ಕೂತಿದ್ದ. ಒಳಗೆ ಕೆಂಪು ಕಪ್ಪು ಮಚ್ಚೆಯ ಎಳೆ ಹ್ಯಾಟೆ.

“ನಾಟಿ ತಾನೆ?”

“ನೀವೇ ನೋಡಿ ಸಾ. ನಿಮಗೆ ತಿಳೀದ್ದ?”

ಕೋಳಿ ಡಾಕ್ಟ್ರು ಎಂಬ ಕೀರ್ತಿ ಸೋಸಲೆಗೂ ಹಬ್ಬಿದೆಯಲ್ಲ ಎಂದು ಹಿಗ್ಗಿದೆ. ಕೋಳಿಯನ್ನು ಎತ್ತಿ ಕಾಲು ನೋಡಿದೆ, ಜುಟ್ಟು ನೋಡಿದೆ, ಬಾಯಿ ತೆರೆದು ಒಳಗೂ ನೋಡಿದೆ (ಒಳಗೆ ಏನಿರಬೇಕೆಂದು ನನಗೆ ಗೊತ್ತಿರಲಿಲ್ಲ). ಅಷ್ಟರಲ್ಲಿ ಅದು ನನ್ನ ಕೈಯಿಂದ ಚಿಮ್ಮಿ ಎತ್ತಿನ ಗಾಡಿಯ ಮೂಕಿಯ ಮೇಲೆ ಹಾರಿ ಕೂತಿತು. ಹಾರಿತು! ಇನ್ನು ಅನುಮಾನವೇ ಬೇಡ. “ಅಪ್ಪಟ ನಾಟಿ,” ಎಂದು ನಾನೇ ಘೋಷಿಸಿದೆ. ಮುದುಕ ಬೀಡಿ ಆರಿಸಿ, “ನೀವಂದ ಮೇಲೆ ಸರಿ ಸಾ,” ಎಂದು ನಾಟಿ ಬೆಲೆ ಹೇಳಿದ. ಚೌಕಾಸಿ ಮಾಡದೆ ಕೊಟ್ಟೆ.

ಅವ್ವ ಅದನ್ನು ತಿರುಗಿಸಿ ನೋಡಿ ಒಳಗೆ ಒಯ್ದಳು.

ಮರುದಿನ ಬೀಗಿತ್ತಿ ಬಂದಳು. ಮೊದಲು ಹಿತ್ತಿಲಿಗೇ ನುಗ್ಗಿ ನನ್ನ ಎಂಟು ಗಿರಿರಾಜಗಳನ್ನು ಬೆರಳು ಮಡಚಿ ಎಣಿಸಿದಳು. “ಇವೇನು ಬೀಗಿತ್ತಿ, ಕಂಪ್ನಿ ಕೋಳಿ? ನನ್ನ ಸೊಸೆಗೆ ಇದ್ನೇ ಬೇಯಿಸಿ ಆಕ್ತೀರೇನೋ ಅಂತ ಎದೆ ಡವಡವ ಅಂತು.”

“ಛೆ ಛೆ, ಅವು ನನ್ನ ಮಗನ ಆಪೀಸಿನವು. ಬನ್ನಿ, ಉಣ್ಣಕ್ಕೆ ಬನ್ನಿ,” ಎಂದಳು ಅವ್ವ.

ಬಾಣಂತಿಗೆ ಬಡಿಸಿದ ಸಾರನ್ನೇ ಒಂದು ಬಟ್ಟಲು ಬೀಗಿತ್ತಿಯ ಮುದ್ದೆಗೂ ಬಿಟ್ಟರು. ಬೀಗಿತ್ತಿ ಒಂದು ತುತ್ತು ನುಂಗಿ ಕಣ್ಣು ಮುಚ್ಚಿದಳು. ಮೂಗಿನಿಂದ ನೀರು ಬಂತು. “ಇದು ಕಣಮ್ಮ ನಾಟಿ ಕೋಳಿ ಅಂದ್ರೆ! ದೊಡ್ಡ ಸೊಸೆ ತೌರ್ನೋರು ಅನ್ನೊಂದು ಕೊಯ್ದರು, ಒಂದ್ರಲ್ಲೂ ಈ ರುಚಿ ಇರ್ಲಿಲ್ಲ.” ಅವ್ವನ ಮುಖ ಅರಳಿತು. ಮಧುಶ್ರೀ ಎರಡನೇ ಬಟ್ಟಲು ಕೇಳಿದಳು. ನಾನು ತಂದ ಕೋಳಿ ಎಂದು ಅವ್ವ ಮೂರು ಸಲ ಹೇಳಿದಳು. ಅಂದು ನಾನು ಹಿತ್ತಿಲಲ್ಲಿ ನಡೆದರೆ ನಾಯಿ ನನಗೂ ದಾರಿ ಬಿಟ್ಟಿತು.

ಸೋಮವಾರ ಕಚೇರಿಯಲ್ಲಿ ಒಂದು ಅರ್ಜಿ ನನ್ನ ಮೇಜಿಗೆ ಬಂತು. ನಮ್ಮ ಯೋಜನೆಯಲ್ಲಿ ಎರಡನೇ ಸಲ ಗಿರಿರಾಜ ಮರಿ ಬೇಕೆಂದು ಸೋಸಲೆಯ ಹುಚ್ಚಯ್ಯ ಬರೆಸಿದ್ದು. ನಾನು ಎಂದೂ ಅರ್ಜಿದಾರರ ಮುಖ ನೋಡುವವನಲ್ಲ (ಗುಮಾಸ್ತ ತಲೆ ಎತ್ತಿದರೆ ಕೆಲಸ ಹೆಚ್ಚುತ್ತದೆ). ಅಂದು ಬೀಡಿ ವಾಸನೆಗೆ ಎತ್ತಿದೆ. ಅದೇ ಮುದುಕ!

“ಓದ್ಸಲ ನೀವು ಕೊಟ್ಟ ಮರಿ ಬಾಳ ಚೆನ್ನಾಗಿ ಬಂದೋ ಸಾ. ಒಂದ ನೀವೇ ತಕೊಂಡ್ರಲ್ಲ.”

“ಅದು... ಅದು ನಾಟಿ ಅಂದೆಯಲ್ಲಯ್ಯ!”

“ನಾನೆಲ್ಲಂದೆ ಸಾ? ನೀವಂದ್ರಿ. ನಿಮ್ಮ ಆಪೀಸಿನ ಮರಿ, ನಿಮಗೆ ಗುರುತು ಸಿಕ್ಕಿರ್ತದೆ, ಪಿರೂತಿಗೆ ಜಾಸ್ತಿ ಕೊಡ್ತಾವ್ರೆ ಅಂದ್ಕೊಂಡೆ.”

“ಅದು ಹಾರಿತಲ್ಲೋ!”

“ಎಳೇದು ಸಾ. ನೀವು ಬಾಯೊಳಗೆ ಬೆರಳಾಕಿದ್ರೆ ಇನ್ನೇನ್ ಮಾಡದು?”

ಒಂದು ಕ್ಷಣ ನಾಚಿಕೆಯಾಯಿತು, ಮರುಕ್ಷಣವೇ ಸಂತೋಷ ಉಕ್ಕಿತು. ಅಂದರೆ ಗೆದ್ದದ್ದು ಗಿರಿರಾಜ! ನನ್ನ ತಖ್ತೆ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ, “ಅವ್ವ, ನೀವೆಲ್ಲ ಚಪ್ಪರಿಸಿದ್ದು ಗಿರಿರಾಜನ ಸಾರು!” ಎಂದೆ.

ಅವ್ವ ಮಗುವಿಗೆ ಸಾಂಬ್ರಾಣಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. “ಮೆತ್ತಗೆ ಮಾತಾಡ್ಲಾ. ಪುಕ್ಕ ತರೀವಾಗ್ಲೇ ಗೊತ್ತಾಯ್ತು ನಂಗೆ. ಒತ್ತಾರೆ ಬೀಗಿತ್ತಿ ಬತ್ತಾಳೆ, ಏನ್ ಮಾಡ್ಲಿ? ಒಂದಿಡಿ ಮೆಣಸು ಜಾಸ್ತಿ ಅರೆದಾಕ್ದೆ.”

“ನಂಗೂ ಗೊತ್ತಿತ್ತು,” ಅಡುಗೆಮನೆಯಿಂದ ಶಿವನಂಜಮ್ಮ. “ಅರೆದೋಳು ನಾನೇ.”

“ಹಂಗಾದ್ರೆ ಒಪ್ಪಿಕೊಳ್ಳಿ, ಗಿರಿರಾಜ...”

“ಎಲ್ಲಾದ್ರೂ ಬಾಯಿ ಬಿಟ್ಟೀಯ ಜೋಕೆ! ಅವಳ ಮುಂದೆ ನನ್ನ ಮಾನ ಓಯ್ತದೆ. ಅಂದಂಗೆ, ಭಾನ್ವಾರ ಅವ್ಳು ಮತ್ತೆ ಬತ್ತಾವ್ಳೆ. ರಾಜೇಂದ್ರಪ್ಪ ತಂದಿದ್ನಲ್ಲ, ಅದೇ ನಾಟೀನೆ ಮಾಡಿ ಅಂತ ಏಳ್ಕಳಿಸವ್ಳೆ. ಸೋಸಲೆಗೆ ಓಗ್ಬುಟ್ಟು ಬಾ.”

“ಅದಕ್ಕೆ ಸೋಸಲೆಗೆ ಯಾಕವ್ವ? ಹಿತ್ತಿಲಲ್ಲೇ ಎಂಟು ಗಿರಿರಾಜ ಇವೆಯಲ್ಲ!”

ಅವ್ವ ನನ್ನನ್ನು ಕನಿಕರದಿಂದ ನೋಡಿದಳು. “ಆ ಎಂಟ್ನೂ ಅವ್ಳು ಎಣಿಸ್ಕಂಡು ಓಗವ್ಳೆ ಕಣ್ಲಾ.”

ಹೀಗಾಗಿ ಮೂರು ತಿಂಗಳ ಬಾಣಂತನದಲ್ಲಿ ವಾರವಾರವೂ ನಾನು ಸೋಸಲೆಗೆ ಹೋಗಿ, ನಾನೇ ಬಿಟ್ಟಿ ಹಂಚಿದ ಗಿರಿರಾಜವನ್ನು ನಾಟಿ ಬೆಲೆ ಕೊಟ್ಟು ತಂದೆ. ನನ್ನ ಎಂಟು ಗಿರಿರಾಜಗಳು ಬಾಗಿಲಲ್ಲಿ ಸಾಲಾಗಿ ನಿಂತು, ನಾನು ಬಂದ ಕೂಡಲೇ ಗೂಡಿಗೆ ಎತ್ತಿಸಿಕೊಂಡವು. ಹುಚ್ಚಯ್ಯನ ಅರ್ಜಿಯನ್ನು ಅಂದೇ ‘ಅತಿ ತುರ್ತು’ ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದಕ್ಕೆ ಕಳಿಸಿದ್ದೆ. ಅವನ ಹತ್ತಿರ ಮರಿ ಮುಗಿದುಹೋದರೆ ನಮ್ಮವ್ವನ ಮಾನದ ಗತಿಯೇನು?