ಏಡಿ ಕಾರ್ಡಿನ ನಿರ್ಣಯ

ಕುಂಜಿಬೆಟ್ಟಿನ ಹಯಗ್ರೀವ ಉಪಾಧ್ಯಾಯರಿಗೆ ತಮ್ಮ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಜಗತ್ತಿನಲ್ಲಿ ನಿಯಮ ಎಂದು ಯಾವುದಕ್ಕೆ ಹೆಸರಿದೆಯೋ ಅದನ್ನೆಲ್ಲ ತಾವು ಅರ್ಧ ಗಂಟೆಯಲ್ಲಿ ಬಿಡಿಸಿ ಕೈಗೆ ಕೊಡಬಲ್ಲೆವು ಎಂಬುದೇ ಆ ಅಭಿಪ್ರಾಯ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ವ್ಯಾಕರಣ ಅರೆದು ಕುಡಿಸಿದ ತಲೆ ಅದು! ಏಕಾದಶಿ ಇವತ್ತೋ ನಾಳೆಯೋ ಎಂದು ಕೇಳಲು ಕಾಪುವಿನಿಂದ, ಕಾರ್ಕಳದಿಂದ ಅವರಿಗೆ ಫೋನ್ ಬರುತ್ತಿತ್ತು. ಸೊಸೈಟಿಯ ಬೈಲಾ, ರೈಲ್ವೆ ಟಿಕೆಟಿನ ಹಿಂಬದಿಯ ಸಣ್ಣ ಅಕ್ಷರ, ಪಾಲುಪಟ್ಟಿಯ ತಕರಾರು ಎಲ್ಲದಕ್ಕೂ ಅವರ ಜಗಲಿಯಲ್ಲಿ ನಿರ್ಣಯ ಸಿಗುತ್ತಿತ್ತು. ಹೀಗಿರುವಾಗ 2004ರ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಝೀಟಾ ಟೀಚರ್ ಗೇಟಿಗೆ ಬಂದು ಮಕ್ಕಳ ಆಟದ ಕಾರ್ಡಿನ ಜಗಳ ಹೇಳಿಕೊಂಡರೆ ಅವರಿಗೆ ನಗು ಬಾರದೆ ಇದ್ದೀತೇ?

"ನಗಬೇಡಿ ಸರ್," ಎಂದರು ಟೀಚರ್. "ಮಣಿಪಾಲದ ಅಂಗಡಿಯಿಂದ ಅದೆಂತದೋ ಮಾನ್‌ಸ್ಟರ್ ಕಾರ್ಡ್ ತರ್ತಾರೆ. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಗಲಾಟೆ. ನಿನ್ನೆ ನಮ್ಮ ಆಂಜೆಲಾ, ನಿಮ್ಮ ವಿಭಾ ಜಡೆ ಹಿಡಿದು ಎಳೆದಾಡಿದ್ದಾರೆ. ಆದಿತ್ಯವಾರದ ಒಳಗೆ ತೀರ್ಮಾನ ಆಗದಿದ್ದರೆ ಇಬ್ಬರ ಕಾರ್ಡನ್ನೂ ಬಚ್ಚಲ ಒಲೆಗೆ ಹಾಕ್ತೇನೆ. ನಮ್ಮ ಅತ್ತೆಗೆ ಸ್ನಾನದ ನೀರಾದರೂ ಕಾಯಲಿ."

"ಟೀಚರ್, ಆದಿತ್ಯವಾರ ನಾಲ್ಕು ಗಂಟೆಗೆ ಬರೆದ ನಿರ್ಣಯ ತಂದು ಓದುತ್ತೇನೆ. ಮತ್ತೆ ಯಾರೂ ಬಾಯಿ ತೆರೆಯಲಿಕ್ಕಿಲ್ಲ."

"ನಿಮಗೆ ಆಗದಿದ್ದರೆ?"

"ನನಗೆ ಆಗದಿದ್ದರೆ ಆ ಕಾರ್ಡುಗಳನ್ನು ನಾನೇ ಒಲೆಗೆ ಹಾಕುತ್ತೇನೆ."

ಬಾಗಿಲ ಹಿಂದೆ ನಿಂತಿದ್ದ ವಿಭಾಳ ಜೀವ ಬಾಯಿಗೆ ಬಂತು. ಏಳನೇ ಕ್ಲಾಸು ಮುಗಿಸಿದ ಆ ಹುಡುಗಿ ಎರಡು ವರ್ಷದಿಂದ ಒಂದೊಂದೇ ಕೂಡಿಸಿ ಬಿಸ್ಕತ್ತಿನ ಡಬ್ಬಿ ತುಂಬಿಸಿದ್ದಳು. ಅವಳಿಗೆ ಅಪ್ಪನ ವ್ಯಾಕರಣದ ಮೇಲೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅಪ್ಪನ ಮೇಲೆ.

"ಅಪ್ಪ, ನಿಮಗೆ ಆಟವೇ ಗೊತ್ತಿಲ್ಲ ಅಲ್ವಾ?"

"ಆಟ ಯಾಕೆ ಗೊತ್ತಿರಬೇಕು? ನಿಯಮ ತಿಳಿದರೆ ಸಾಕು. ತಾ ಇಲ್ಲಿ, ಎಲ್ಲಕ್ಕಿಂತ ದೊಡ್ಡ ಕಾರ್ಡಿನಿಂದ ಶುರು ಮಾಡುವ."

ಶುಕ್ರವಾರ ಸಂಜೆ ಮಹಾಧ್ಯಯನ ಆರಂಭವಾಯಿತು. ಮೊದಲು ಬಂದದ್ದು ಊರಿಡೀ ಹುಡುಕಿದರೂ ಸಿಗದ, ಚಿನ್ನದ ಅಂಚಿನ ಘಟಸರ್ಪ. ಅದರ ಮೇಲೆ ಬರೆದದ್ದು ಎರಡೇ ಶಬ್ದ: ಹೊಡೆತ ಒಂಬತ್ತು. ಚಿನ್ನದ ಅಂಚಿನ ಸಿಂಹದ ಮೇಲೆ ಹೊಡೆತ ಎಂಟು. ವಿಭಾ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ಉಪಾಧ್ಯಾಯರು ಬರೆಯುತ್ತಿದ್ದರು. ಊಟಕ್ಕೆ ಎಲೆ ಹಾಕುವ ಮೊದಲೇ ಅಪರೂಪದ ಹನ್ನೊಂದು ಕಾರ್ಡೂ ಮುಗಿದವು.

"ಇಷ್ಟೇಯಾ? ಇದಕ್ಕೆ ಜಡೆ ಎಳೆಯುವುದಾ?"

"ಸಾದಾ ಕಾರ್ಡ್ ಬಾಕಿ ಉಂಟಲ್ಲ ಅಪ್ಪ."

"ಪ್ಯಾಕೆಟಿಗೆ ಎರಡು ಬರುವ ಸಾದಾ ಕಾರ್ಡಿನಲ್ಲಿ ಎಂತ ಇರ್ತದೆ?"

ವಿಭಾ ಒಂದು ಏಡಿಯ ಕಾರ್ಡನ್ನು ಚಾಪೆಯ ಮೇಲಿಟ್ಟಳು. ಅವಳ ಹತ್ತಿರ ಅಂಥವು ಹತ್ತೊಂಬತ್ತು ಇದ್ದವು. ಅಷ್ಟು ಅಗ್ಗ, ಅಷ್ಟು ಬಡಪಾಯಿ. ಆದರೆ ಚಿತ್ರದ ಕೆಳಗಿನಿಂದ ಬುಡದ ತನಕ ಸಾಸಿವೆಗಿಂತ ಸಣ್ಣ ಅಕ್ಷರಗಳು ಕಿಕ್ಕಿರಿದಿದ್ದವು. ಉಪಾಧ್ಯಾಯರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

ಏಡಿಯ ಕಾನೂನು ಹೀಗಿತ್ತು. ಏಡಿಯನ್ನು ಹೊಡೆದ ಕಾರ್ಡ್ ಆ ಸುತ್ತು ಮುಗಿಯುವ ತನಕ ಮಲಗಬೇಕು, ಆಡುವಂತಿಲ್ಲ. ಮಲಗಿದ ಕಾರ್ಡಿಗೆ ಸಹಾಯಕ್ಕೆ ಬಂದದ್ದೂ ಮಲಗಬೇಕು, ಅದು ಯಾವುದರ ಪಕ್ಕಕ್ಕೆ ಹೋಗುತ್ತದೋ ಅದೂ ಮಲಗಬೇಕು. ನೀರಿನ ಕಾರ್ಡ್ ಹಾಕಿದರೆ ಏಳಬಹುದು. ಚಿನ್ನದ ಅಂಚಿನ ಕಾರ್ಡಿಗೆ ಇದು ಯಾವುದೂ ತಾಗುವುದಿಲ್ಲ. ಮರಿ ಕಾರ್ಡಿಗೂ ತಾಗುವುದಿಲ್ಲ. ಆದರೆ ಮರಿ ತೊಟ್ಟದ್ದಕ್ಕೆ ಈ ವಿನಾಯಿತಿ ಇಲ್ಲ.

"ಈಗ ಜಗಳ ಎಂತ ಹೇಳು," ಎಂದರು ಉಪಾಧ್ಯಾಯರು, ಸ್ವಲ್ಪ ಇಳಿದ ಸ್ವರದಲ್ಲಿ.

"ನನ್ನ ಕರಡಿ ಆಂಜೆಲಾನ ಏಡಿಗೆ ಹೊಡೆದು ಮಲಗಿತು. ನಾನು ಮರಿಹಕ್ಕಿಗೆ ಕವಚ ತೊಡಿಸಿ ಕರಡಿಯ ಸಹಾಯಕ್ಕೆ ಕಳಿಸಿದೆ. ಆಮೇಲೆ ಆ ಹಕ್ಕಿಯನ್ನು ನನ್ನ ಆನೆಯ ಪಕ್ಕ ನಿಲ್ಲಿಸಿದೆ. ಈಗ ಆನೆಯೂ ಮಲಗಬೇಕು ಅಂತ ಅವಳು. ಮರಿಗೇ ತಾಗಲಿಲ್ಲ, ಆನೆಗೆ ಹೇಗೆ ತಾಗ್ತದೆ ಅಂತ ನಾನು."

ಉಪಾಧ್ಯಾಯರು ಆ ರಾತ್ರಿ ನಾಲ್ಕು ಪುಟ ಬರೆದರು. ಶನಿವಾರ ಆರು ಪುಟ. ತೊಟ್ಟದ್ದು ಎಂದರೇನು, ತೊಡುವುದಕ್ಕೂ ಹೊರುವುದಕ್ಕೂ ಭೇದವೇನು, ತೊಟ್ಟ ಮೇಲೆ ಮರಿ ಮರಿಯಾಗಿಯೇ ಉಳಿಯುತ್ತದೆಯೇ ಎಂದು ಪೂರ್ವಪಕ್ಷ, ಉತ್ತರಪಕ್ಷ, ಆಕ್ಷೇಪ, ಸಮಾಧಾನ ಎಲ್ಲ ಬಂದವು. ತೀರ್ಮಾನ ಒಂದೇ ಬರಲಿಲ್ಲ.

ಶನಿವಾರ ಮಲಗುವ ಮೊದಲು ಹೆಂಡತಿ ಮನೋರಮಾ ಒಂದು ಮಾತು ಹೇಳಿಟ್ಟರು. "ನಾಳೆ ನಾನು ಮಿಡಿ ಉಪ್ಪಿನಕಾಯಿ ಹಾಕುವುದು. ಮಡಿಯಲ್ಲಿ ಇರ್ತೇನೆ. ಆ ಏಡಿ ಹಿಡಿದುಕೊಂಡು ಅಡುಗೆಮನೆಗೆ ಬರಬೇಡಿ. ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿಲ್ಲ, ಗೊತ್ತುಂಟಲ್ಲ?"

ಮಡಿ ಎಂದರೆ ಆ ಮನೆಯಲ್ಲಿ ಸಣ್ಣ ವಿಷಯವಲ್ಲ. ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಎತ್ತರದ ಕೋಲಿನಲ್ಲಿ ಒಣಗಿಸಿದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆ ಕೆಲಸ ಮುಗಿಯುವ ತನಕ ಯಾರನ್ನೂ ತಾಗುವಂತಿಲ್ಲ. ತಾಗಿದರೆ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ಅದರ ಮೇಲೆ ಉಪ್ಪಿನಕಾಯಿಯ ನಿಯಮ ಬೇರೆ: ಮೈಕೈ ಪೂರ್ತಿ ಒಣಗಿರಬೇಕು, ಒಂದು ಹನಿ ಹಸಿನೀರು ಬಿದ್ದರೆ ಭರಣಿಗೆ ಭರಣಿಯೇ ಬೂಸು.

ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಅಪಘಾತ. ಉಪಾಧ್ಯಾಯರು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು "ಅದೂ ಮಲಗಬೇಕು, ಅದೂ ಮಲಗಬೇಕು" ಎಂದು ಜಪಿಸುತ್ತ ನಡೆದರು. ಕಾಲು ಅಭ್ಯಾಸಬಲದಿಂದ ಅಡುಗೆಮನೆಗೆ ಹೋಯಿತು. ಸಾಸಿವೆ ಅರೆಯುತ್ತಿದ್ದ ಮನೋರಮಾ ಅವರ ಬೆನ್ನಿಗೆ ಗಂಡನ ಹೊಟ್ಟೆ ತಾಗಿತು.

"ಎಂತ ಮಾರಾಯ್ರೆ ಇದು?"

"ನೋಡಲಿಲ್ಲ."

"ಇನ್ನೂರು ಸಲ ಓದಿದ ಕಾರ್ಡ್ ಕಾಣ್ತದೆ, ಇಷ್ಟು ದೊಡ್ಡ ಹೆಂಡತಿ ಕಾಣುವುದಿಲ್ಲವಾ?"

ಸ್ನಾನ ಒಂದು, ಸೀರೆ ಎರಡು. ಮೈ ಒಣಗಲು ಮುಕ್ಕಾಲು ಗಂಟೆ. ಉಪಾಧ್ಯಾಯರು ಪಶ್ಚಾತ್ತಾಪದಿಂದ ಜಗಲಿಗೆ ಸರಿದರು. ಪಶ್ಚಾತ್ತಾಪ ಮುಗಿದ ಕೂಡಲೇ ಅವರಿಗೊಂದು ಉಪಾಯ ಹೊಳೆಯಿತು. ಓದಿದರೆ ಆಗದ್ದು ಮಾಡಿ ನೋಡಿದರೆ ಆದೀತು!

"ವಿಭಾ, ನಾನು ಕರಡಿ, ನೀನು ಮರಿ. ನಾನು ಮಲಗಿದ್ದೇನೆ. ಬಂದು ನನ್ನನ್ನು ಮುಟ್ಟು, ಮತ್ತೆ ಆನೆಯ ಹತ್ತಿರ ಓಡು. ಆನೆಗೆ ಎಂತ ಆಗ್ತದೆ ನೋಡುವ."

ಐವತ್ತು ವರ್ಷದ ಸಂಸ್ಕೃತ ಪಂಡಿತರು ಜಗಲಿಯಲ್ಲಿ ಕೈಕಾಲು ಚಾಚಿ ಕರಡಿಯಾಗಿ ಮಲಗಿದರು. ವಿಭಾ ಬಂದು ಮುಟ್ಟಿದಳು. ಆನೆ ಎಲ್ಲಿ ಎಂದು ಯಾರೂ ಗೊತ್ತು ಮಾಡಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮನೋರಮಾ ಅಂಗಳದಲ್ಲಿ ಬಿಸಿಲಿಗಿಟ್ಟಿದ್ದ ಭರಣಿ ಎತ್ತಿಕೊಂಡು ಬರಬೇಕೇ? ಓಡುವ ಭರದಲ್ಲಿದ್ದ ಹುಡುಗಿ "ಅಮ್ಮ, ನೀನು ಆನೆ" ಎಂದು ಹೋಗಿ ತಬ್ಬಿಕೊಂಡಳು.

ಆನೆ ಅಲ್ಲಾಡದೆ ನಿಂತಿತು. ಆಮೇಲೆ ಭರಣಿಯನ್ನು ಕೆಳಗಿಟ್ಟು ತಂಬಿಗೆ ಹಿಡಿದು ಬಚ್ಚಲಿಗೆ ನಡೆಯಿತು.

"ಆನೆಗೆ ಎಂತ ಆಯಿತು ಅಂತ ಗೊತ್ತಾಯಿತಾ?" ಎಂದು ಬಚ್ಚಲಿನೊಳಗಿಂದ ಕೇಳಿಸಿತು.

ಉಪಾಧ್ಯಾಯರು ಮಲಗಿದಲ್ಲಿಂದಲೇ ವಿಭಾಳಿಗೆ ಹೇಳಿದರು, "ಅಮ್ಮ ಸಿಟ್ಟಿನಲ್ಲಿ ಇದ್ದಾಳೆ, ಪ್ರಯೋಗ ಕೆಟ್ಟಿತು." ಉತ್ತರ ಕಣ್ಣೆದುರೇ ತಂಬಿಗೆ ಹಿಡಿದು ಹೋದದ್ದು ಆ ಮಹಾಪಂಡಿತರಿಗೆ ಕಾಣಲಿಲ್ಲ. ಓದಿದವರ ಕಣ್ಣು ಹಾಗೆಯೇ, ಪುಟದಿಂದ ಆಚೆ ಹೋಗಲು ಅದಕ್ಕೆ ರಜೆ ಸಿಗುವುದಿಲ್ಲ.

ಬಾವಿಯ ತಳದ ಕೆಸರು ಕೊಡದಲ್ಲಿ ಬಂತು. ಕೋಲಿನಲ್ಲಿ ಮಡಿ ಸೀರೆ ಉಳಿದಿರಲಿಲ್ಲ. ಉಳಿದದ್ದು ಪೆಟ್ಟಿಗೆಯಲ್ಲಿದ್ದ ಮದುವೆಯ ಪಟ್ಟೆ ಸೀರೆ ಒಂದೇ. ಪಟ್ಟೆಗೆ, ಅಂದರೆ ರೇಷ್ಮೆಗೆ, ಮೈಲಿಗೆ ಇಲ್ಲ ಎಂಬ ಕ್ರಮ ಮನೋರಮಾಗೆ ಗೊತ್ತಿತ್ತು. ಹಸಿರು ಮೈ, ಅಂಗೈ ಅಗಲದ ಜರಿ ಅಂಚಿನ ಆ ಸೀರೆ ಉಟ್ಟುಕೊಂಡೇ ಅವರು ಮೆಣಸು, ಸಾಸಿವೆ ಅರೆದು ಆರುನೂರು ಮಿಡಿಗೆ ಕಲಸಿದರು. ಮಧ್ಯಾಹ್ನದ ಊಟಕ್ಕೆ ಸಿಕ್ಕಿದ್ದು ಅವಲಕ್ಕಿ, ಬೆಲ್ಲ. ಅದನ್ನು ಪ್ರಶ್ನಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾಲ್ಕು ಗಂಟೆಗೆ ಝೀಟಾ ಟೀಚರ ಜಗಲಿಯಲ್ಲಿ ಮಹಾಸಭೆ. ಕೇರಿಯ ಎಂಟು ಮಕ್ಕಳು ಚಾಪೆಯ ಮೇಲೆ, ಟೀಚರ ಅತ್ತೆ ಮ್ಯಾಗ್ಡಲಿನ್ ಬಾಯಿ ಒರಗು ಕುರ್ಚಿಯಲ್ಲಿ. ನಡುವೆ ಎರಡು ಡಬ್ಬಿ ಕಾರ್ಡು. ಉಪಾಧ್ಯಾಯರು ಶಲ್ಯ ಸರಿ ಮಾಡಿಕೊಂಡು, ಮಧ್ಯಾಹ್ನ ಸೇರಿಸಿದ ನಾಲ್ಕೂ ಸೇರಿ, ಹದಿನಾಲ್ಕು ಪುಟ ಓದಿದರು. ಒಂಬತ್ತನೇ ಪುಟದಲ್ಲಿ ಮ್ಯಾಗ್ಡಲಿನ್ ಬಾಯಿ ನಿದ್ದೆ ಹೋದರು. ಕೊನೆಯ ಪುಟದ ಕೊನೆಯ ವಾಕ್ಯ ಹೀಗಿತ್ತು: "ಆದುದರಿಂದ ಆನೆ ಮಲಗಬಹುದು, ಮಲಗದೆಯೂ ಇರಬಹುದು, ಆಯಾ ಊರಿನ ಆಚಾರ ನೋಡಿ ತಿಳಿಯತಕ್ಕದ್ದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತು ಕೇಳಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಅಂದರೆ ತೀರ್ಮಾನ ಆಗಲಿಲ್ಲ," ಎಂದರು ಝೀಟಾ ಟೀಚರ್. "ಸರ್, ಡಬ್ಬಿ ಎತ್ತಿಕೊಳ್ಳಿ. ನೀವೇ ಹಾಕ್ತೇನೆ ಅಂದದ್ದು."

ಉಪಾಧ್ಯಾಯರು ಮಗಳ ಕಡೆ ನೋಡಿದರು. ವಿಭಾ ಅಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ತಮ್ಮ ಬಡಾಯಿಗೆ ಮಗುವಿನ ಎರಡು ವರ್ಷ ಸುಡುತ್ತದಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಯಿತು. ಬರೆದ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವತೊಡಗಿದರು.

ಅಷ್ಟರಲ್ಲಿ ಮನೋರಮಾ ಹೊಸ ಉಪ್ಪಿನಕಾಯಿಯ ಸಣ್ಣ ಬಾಟಲಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಪಟ್ಟೆ ಸೀರೆ ಇನ್ನೂ ಬದಲಾಯಿಸಿರಲಿಲ್ಲ.

"ಎಂತ ಮನೋರಮಕ್ಕ, ಮದುವೆ ಉಂಟಾ ಎಲ್ಲಿಯಾದರೂ?"

"ಇಲ್ಲ ಟೀಚರ್, ನಮ್ಮಲ್ಲಿ ಏಡಿ ಬಂದಿದೆ." ಬಾಟಲಿ ಕೊಟ್ಟು ಮಗಳ ಪಕ್ಕ ಕೂತರು. "ಎಂತ ಅದು? ಒಮ್ಮೆ ಓದು ಮಗಾ, ನನಗೂ ಗೊತ್ತಾಗಲಿ."

ವಿಭಾ ಓದಿದಳು. ಮನೋರಮಾ ಕೇಳುತ್ತ ಕೇಳುತ್ತ ತಲೆಯಾಡಿಸಿದರು, ಗೊತ್ತಿದ್ದ ಹಾಡು ಕೇಳಿದವರ ಹಾಗೆ.

"ಇದರಲ್ಲಿ ಎಂತ ಉಂಟು? ಏಡಿಗೆ ತಾಗಿದ ಕರಡಿಗೆ ಮೈಲಿಗೆ. ಕರಡಿಗೆ ತಾಗಿದವರಿಗೂ ಮೈಲಿಗೆ. ನೀರು ಹಾಕಿದರೆ ಹೋಯಿತು. ಚಿನ್ನದ ಅಂಚು ಅಂದರೆ ಪಟ್ಟೆ, ಅದಕ್ಕೆ ಇಲ್ಲ. ಮಗುವಿಗೂ ಇಲ್ಲ, ಆದರೆ ಮಗುವಿನ ಅಂಗಿಗೆ ಉಂಟು. ನಿನ್ನ ಹಕ್ಕಿ ಕವಚ ತೊಟ್ಟುಕೊಂಡೇ ಕರಡಿಯನ್ನು ಮುಟ್ಟಿ ಆನೆಯ ಹತ್ತಿರ ಹೋದದ್ದಾ?"

"ಹೌದು."

"ಹಾಗಾದರೆ ಆನೆ ಮಲಗಬೇಕು. ಕವಚ ತೆಗೆದಿಟ್ಟು ಹೋಗಿದ್ದರೆ ಮಲಗಬೇಕಾಗಿರಲಿಲ್ಲ. ಆಂಜೆಲಾ ಹೇಳಿದ್ದೇ ಸರಿ."

ಸ್ವಂತ ಮಗಳನ್ನೇ ಸೋಲಿಸಿದ ತೀರ್ಪಿಗೆ ಯಾರು ಎದುರಾಡುತ್ತಾರೆ? ವಿಭಾ ಕಾರ್ಡಿನ ಕೊನೆಯ ಸಾಲು ಮತ್ತೊಮ್ಮೆ ಓದಿ "ಹೌದಲ್ವಾ" ಎಂದಳು. ಆನೆಯನ್ನು ತಾನೇ ಅಡ್ಡ ಮಲಗಿಸಿದಳು. ಆಂಜೆಲಾ ಹೋಗಿ ಅವಳಿಗೆ ಒತ್ತಿಕೊಂಡು ಕೂತಳು. ಉಳಿದ ಮಕ್ಕಳು ತಮ್ಮ ತಮ್ಮ ಹಳೆಯ ವ್ಯಾಜ್ಯಗಳನ್ನು ಹಿಡಿದುಕೊಂಡು ಮನೋರಮಾ ಅವರ ಸುತ್ತ ಮುತ್ತಿದರು, ಒಂದೊಂದಕ್ಕೂ ಅಲ್ಲಿಂದಲ್ಲಿಗೇ ತೀರ್ಮಾನ ಸಿಕ್ಕಿತು. ಡಬ್ಬಿಗಳು ಉಳಿದವು. ಉಪಾಧ್ಯಾಯರಿಗೂ ಮನಸ್ಸಿನೊಳಗೆ ಸಮಾಧಾನವೇ ಆಯಿತು. ಆದರೆ ಹದಿನಾಲ್ಕು ಪುಟ ಬರೆದ ಕೈ ಸುಮ್ಮನಿರಬೇಕಲ್ಲ.

"ತೀರ್ಪು ಸರಿ ಇರಬಹುದು," ಎಂದರು ಗಂಟಲು ಸರಿಮಾಡಿಕೊಂಡು. "ಆದರೆ ಪ್ರಮಾಣ ಬೇಕು. ಹೀಗೆಯೇ ಅಂತ ನಿನಗೆ ಯಾರು ಹೇಳಿದ್ದು?"

ಮಾತಿನ ಸದ್ದಿಗೆ ಮ್ಯಾಗ್ಡಲಿನ್ ಬಾಯಿಗೆ ಎಚ್ಚರವಾಯಿತು. ಝೀಟಾ ಟೀಚರ್ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಮನೋರಮಾ ಪಟ್ಟೆ ಸೀರೆಯ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು.

"ನಿಮ್ಮ ಅಮ್ಮ. ಮದುವೆಯಾಗಿ ಬಂದ ದಿನದಿಂದ ಹನ್ನೊಂದು ವರ್ಷ ನನ್ನ ಹತ್ತಿರ ಇದೇ ಆಟ ಆಡಿದ್ದು ಅವರು. ಒಂದು ದಿನವೂ ನನ್ನನ್ನು ಗೆಲ್ಲಲಿಕ್ಕೆ ಬಿಡಲಿಲ್ಲ."