ಕಂಪ್ಯೂಟರಿನ ಮುಂದೆ ಎಡೆ

ಎಲ್ಲ ಶುರುವಾದದ್ದು ಒಂದು ಹೆಸರಿನಿಂದ.

ಸುಂಟಿಕೊಪ್ಪದ ಮಹಡಿ ಆಫೀಸೊಂದರಲ್ಲಿ ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡುತ್ತಿದ್ದ ಬೋಜನಿಗೆ ಅಂದು ಪರೀಕ್ಷೆಯ ದಿನ. ಮೂರು ತಿಂಗಳ ಕೆಲಸ ನೋಡಿ, ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಮಾಲೀಕ ತಿಮ್ಮಯ್ಯ ಮಧ್ಯಾಹ್ನ ಹೇಳುವವರಿದ್ದರು.

ಕೋಡಿನಲ್ಲಿ ಯಾರು ಏನು ತಿದ್ದಿದರೆಂದು, ಅವರು ಬರೆದ ಟಿಪ್ಪಣಿಯ ಸಮೇತ, ಪಟ್ಟಿ ಇಡುವ ಸಾಫ್ಟ್‌ವೇರ್ ಒಂದಿತ್ತು. ಬೋಜ ಅದರ ಬಟನ್ ಒತ್ತುತ್ತಿದ್ದನೇ ಹೊರತು ಪಟ್ಟಿ ತೆರೆದು ನೋಡಿದವನಲ್ಲ. ಪಕ್ಕದ ಮೇಜಿನ ರಂಜಿತಾ ಅಂದು ಬೆಳಿಗ್ಗೆ ತೆರೆದಳು. ತೆರೆದವಳೇ ಕುರ್ಚಿ ಹಿಂದಕ್ಕೆ ತಳ್ಳಿದಳು.

“ಬೋಜಣ್ಣ, ನಿನ್ನೆ ಸಂಜೆ ಕೂಸಪ್ಪಣ್ಣ ಕೆಲ್ಸ ಮಾಡವ್ರೆ!”

ಕೂಸಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬೋಜ ಕೂತಿದ್ದುದು ಅವರ ಕುರ್ಚಿಯಲ್ಲಿ, ಅವರದೇ ಕಂಪ್ಯೂಟರಿನ ಮುಂದೆ.

“ಸುಮ್ನಿರು ಮಾರಾಯ್ತಿ,” ಎಂದು ಬೋಜ ಬೆಳಗಿನ ತಿದ್ದುಪಡಿ ಕಳಿಸಿದ. ರಂಜಿತಾಳ ಪರದೆಯ ಮೇಲೆ ಹೊಸ ಸಾಲು ಮೂಡಿತು: ಕೂಸಪ್ಪ, ಈಗಷ್ಟೇ.

“ಅಯ್ಯೋ, ಬಂದ್ರು!”

ಸೈಟನ್ನು ತನ್ನ ಕಂಪ್ಯೂಟರಿನಲ್ಲೇ ಓಡಿಸಿ ನೋಡಲು ಬೋಜ ಬಳಸುತ್ತಿದ್ದ ಲೋಕಲ್ ಸರ್ವರ್, ಅವನೇ ನಿಲ್ಲಿಸಿದ್ದರೂ, ತಾನಾಗಿ ಎದ್ದು ಹಸಿರು ದೀಪ ತೋರಿಸಿತು. ಹೊರಗೆ ಮಂಜು ಕಿಟಕಿಗೆ ಅಂಟಿಕೊಂಡಿತ್ತು. ಬೋಜನಿಗೆ ನಿಜವಾಗಿಯೂ ಭಯವಾಯಿತು.

“ಕೂಸಪ್ಪಂಗೆ ಕುರ್ಚಿ ಬಿಡಾಕೆ ಮನ್ಸಿಲ್ಲ. ಎಡೆ ಇಡಿ,” ಎಂದಳು ಟೀ ತಂದ ಹುಚ್ಚಮ್ಮ. “ಕೋಳಿ ಸಾರು ಅಂದ್ರೆ ಜೀವ ಬಿಡ್ತಿದ್ದ.”

ಬಿಡಲು ಈಗ ಜೀವವೆಲ್ಲಿದೆ ಎಂದು ಕೇಳುವ ಧೈರ್ಯ ಬೋಜನಿಗಿರಲಿಲ್ಲ. ಹೋಟೆಲಿಗೆ ಓಡಿ ಸಾರು ತಂದ. ಕೀಬೋರ್ಡಿನ ಪಕ್ಕ ಬಾಳೆ ಎಲೆ ಹಾಸಿ ಬಡಿಸಿದ.

“ಉಂಡು ಹೋಗಿ ಕೂಸಪ್ಪಣ್ಣ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ,” ಎಂದು ಕೈಮುಗಿದ.

ಹಿರಿಯರು ಉಣ್ಣುವಾಗ ನೋಡಬಾರದಲ್ಲ, ಮೂವರೂ ಬಾಗಿಲು ಹಾಕಿಕೊಂಡು ಹೊರಗೆ ನಿಂತರು. ಒಳಗೆ ಟಕಟಕ ಸದ್ದಾಯಿತು.

“ಇಲಿ ಇರ್ಬೇಕು,” ಎಂದ ಬೋಜ.

“ಇಲಿಗೆ ಟೈಪಿಂಗ್ ಬರುತ್ತಾ?” ಎಂದಳು ರಂಜಿತಾ.

ಅಷ್ಟರಲ್ಲಿ ಬಂದ ತಿಮ್ಮಯ್ಯ, ಉಣ್ಣುವ ಹಿರಿಯರಿಗೆ ಏಳಲು ಸೂಚನೆಯೆಂದು ಕೆಮ್ಮದೆ, ಬಾಗಿಲು ತಟ್ಟದೆ ನೇರ ಒಳನುಗ್ಗಿದರು. ವಿಷಯ ಕೇಳಿ ಬೋಜನ ಸಾಫ್ಟ್‌ವೇರಿನ ಸೆಟ್ಟಿಂಗ್ ತೆರೆದರು.

“ದಡ್ಡ! ಕಂಪ್ಯೂಟರ್ ಕೊಟ್ಟಾಗ ಹೆಸರು ಬದಲಾಯಿಸಿಲ್ಲ ನೀನು. ಮೂರು ತಿಂಗಳಿಂದ ನಿನ್ನ ಕೆಲಸ ಎಲ್ಲಾ ಅವರ ಹೆಸರಿಗೆ ಹೋಗಿದೆ. ಸರ್ವರ್ ನಿಂತ್ರೆ ಮತ್ತೆ ತಾನೇ ಏಳೋ ಹಾಗೆ ಅವರೇ ಮಾಡಿಟ್ಟಿದ್ರು.” ಕೂಸಪ್ಪನ ಹೆಸರು ಅಳಿಸಿ ತಾವೇ ‘ಬೋಜ’ ಎಂದು ಬರೆದರು. “ಕೆಲಸ ಚೆನ್ನಾಗಿದೆ. ನಾಳೆಯಿಂದ ಕಾಯಂ. ಮೊದ್ಲು ಆ ಎಲೆ ತೆಗಿ.”

ಬೋಜನಿಗೆ ಹೋದ ಜೀವ ಬಂದಂತಾಯಿತು. ತಿಮ್ಮಯ್ಯ ರಂಜಿತಾಳ ಪರದೆಯತ್ತ ತಿರುಗಿದರು. ಬೋಜ ಎರಡೂ ಕೈಯಲ್ಲಿ ಎಲೆ ಹಿಡಿದು ಬಾಗಿಲು ತಲುಪಿದ್ದ. ಅವನ ಖಾಲಿ ಕುರ್ಚಿ ಕಿರ್ರ್ ಎಂದಿತು. ರಂಜಿತಾಳ ಪರದೆಯ ಮೇಲೆ ಹೊಸ ಸಾಲು ಬಂತು.

ಬೋಜ, ಈಗಷ್ಟೇ: ‘ಸಾರಿಗೆ ಉಪ್ಪಿಲ್ಲ. ತಿಮ್ಮಯ್ಯನಿಗೆ ಬುದ್ಧಿಯೂ ಇಲ್ಲ.’

“ಸಾರ್, ನಾನಲ್ಲ! ಕೂಸಪ್ಪಣ್ಣ!”

“ಹೆಸರು ನಿಂದೇ ಇದೆಯಲ್ಲಪ್ಪ,” ಎಂದರು ತಿಮ್ಮಯ್ಯ. “ಈಗ ತಾನೇ ನಾನೇ ಬರ್ದಿದ್ದು. ಎಲೆ ಹೊರಗೆ ಹಾಕಿ ಹಾಗೇ ಬಸ್ ಹತ್ತು.”