ಬರಿಗೈಲಿ ಗುಡ್ಡ ಹತ್ತಿದ್ದು

ನಮ್ಮ ಕಡೆ ಹೆಂಗಸೊಬ್ಬಳು ಬರಿಗೈಯಲ್ಲಿ ಊರು ದಾಟುವುದು ಅಷ್ಟು ಸುಲಭವಲ್ಲ. ಕೈಯಲ್ಲಿ ಕೊಡ ಇರಬೇಕು, ಮಂಕರಿ ಇರಬೇಕು, ಕುಡುಗೋಲಾದರೂ ಇರಬೇಕು. ಅದ್ಯಾವುದೂ ಇಲ್ಲದೆ ಹೊರಟರೆ ಎದುರಿಗೆ ಸಿಕ್ಕವರಿಗೆಲ್ಲ ನಮ್ಮ ಮೇಲೆ ಇದ್ದಕ್ಕಿದ್ದಂತೆ ಕಾಳಜಿ ಹುಟ್ಟುತ್ತದೆ. ಹೀಗಿರುವಾಗ ಕೈಲಾಂಚದ ಹತ್ತಿರದ ನಮ್ಮ ಊರಿನಲ್ಲಿ, ಯಾವ ಕೆಲಸವೂ ಇಲ್ಲದೆ, ಒಬ್ಬಳೇ, ಬರಿಗೈ ಬೀಸಿಕೊಂಡು ಗುಡ್ಡ ಹತ್ತಿದ ಮೊದಲ ಹುಡುಗಿ ನಾನು ಎಂದು ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ. ಎರಡನೆಯವಳು ಯಾರು ಎಂದು ಕೇಳಬೇಡಿ. ನನಗೆ ತಿಳಿದಂತೆ ಆ ಜಾಗ ಇನ್ನೂ ಖಾಲಿ ಇದೆ.

ಗುಡ್ಡ ಹತ್ತುವ ಉಪಾಯ ಕೊಟ್ಟದ್ದು ರಾಮನಗರದ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಪ್ರಕೃತಿಯ ನಡುವೆ ಒಬ್ಬರೇ ನಡೆದರೆ ಮನಸ್ಸಿನ ಗಂಟುಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ ಎಂದು ಅವರು ಅಡಿಗಡಿಗೆ ಹೇಳುತ್ತಿದ್ದರು. ತಾವೂ ದಿನಾ ಸಂಜೆ ಬೆಟ್ಟದ ಕಡೆ ನಡೆದು ಹೋಗುತ್ತಿದ್ದರು. ಅವರು ಬಾಡಿಗೆಗಿದ್ದದ್ದು ಸಂಜೆಯಿಡೀ ಗಡಗಡ ಎನ್ನುವ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಎಂಬುದು ನನಗೆ ಆಮೇಲೆ ತಿಳಿಯಿತು. ಆದರೂ ಮಾತು ಮಾತೇ. ನಾನು ಬಿ.ಎ. ಮುಗಿಸಿ ಮನೆಗೆ ಬಂದಾಗ ನನ್ನ ಮನಸ್ಸಿನಲ್ಲೂ ಒಂದು ಗಂಟು ಬಿದ್ದಿತ್ತು, ಅದನ್ನು ಬಿಚ್ಚಲು ಮನೆಯಲ್ಲಿ ಜಾಗವಿರಲಿಲ್ಲ. ಮನೆ ತುಂಬ ರೇಷ್ಮೆ ಹುಳುಗಳಿದ್ದವು.

ಅದು ನಮ್ಮ ಸೀಮೆಯವರೆಲ್ಲ ರಾಗಿ ಹೊಲ ಅಗೆದು ಹಿಪ್ಪುನೇರಳೆ ಕಡ್ಡಿ ನೆಡುತ್ತಿದ್ದ ಕಾಲ. ರೇಷ್ಮೆಗೂಡಿಗೆ ಬೆಲೆ ಏರಿದಂತೆ ನಮ್ಮ ಮನೆಯಲ್ಲಿ ಮನುಷ್ಯರ ಬೆಲೆ ಇಳಿಯಿತು. ಮೊದಲು ಹಿಂದಿನ ಕೋಣೆ ಹುಳುಗಳದಾಯಿತು, ಆಮೇಲೆ ನಡುಮನೆ, ಆಮೇಲೆ ಪಡಸಾಲೆ. ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳುಗಳಿಗೆ ಘಾಟು ಆಗದು ಎಂದು ಅವ್ವ ಒಗ್ಗರಣೆ ನಿಲ್ಲಿಸಿದಳು. ಊದುಬತ್ತಿಯೂ ಬಂದ್ ಆಯಿತು, ದೇವರು ಬರೀ ಹೂವಿಗೆ ತೃಪ್ತನಾಗಬೇಕಾಯಿತು. ನಾನು ಕಾಲೇಜಿನಿಂದ ತಂದಿದ್ದ ಘಮಘಮ ಪೌಡರ್ ಡಬ್ಬಿಯನ್ನು ಅಪ್ಪ ತಾವೇ ತೆಗೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿಟ್ಟು ಬಂದರು. ದನಗಳಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ಗಂಟು ಏನೆಂದರೆ, ನನಗೆ ಸೋಲೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ಗಂಗಾಧರ. ತೆಂಗಿನ ತೋಟ, ಹಾಲು ಕರೆಯುವ ಹಸುಗಳು, ಒಳ್ಳೆಯ ಮನೆ. ಬೇಡ ಎನ್ನಲು ಕಾರಣವೇ ಇರಲಿಲ್ಲ. ಆದರೆ ಅಕ್ಕ ಆಗಲೇ ಅಕ್ಕೂರಿಗೆ ಮದುವೆಯಾಗಿ ಹೋಗಿದ್ದಳು, ನಮಗೆ ಅಣ್ಣತಮ್ಮಂದಿರಿರಲಿಲ್ಲ. ನಾನೂ ಹೋದರೆ ಈ ಹುಳು, ಈ ಸೊಪ್ಪಿನ ತೋಟ, ಜೊತೆಗೆ ಅಪ್ಪನ ಸೊಂಟನೋವು ಎಲ್ಲ ಅವ್ವನ ಪಾಲಿಗೆ. ಅದಕ್ಕಿಂತ ಹೆಚ್ಚಾಗಿ, ಆ ಸಲದ ಹುಳುಗಳನ್ನು ಮೊಟ್ಟೆಯೊಡೆದ ದಿನದಿಂದ ಸಾಕಿದ್ದವಳು ನಾನು. ಅಪ್ಪ ಒಂದು ದಿನ ಹುಳುವಿನ ತಟ್ಟೆಯ ಮುಂದೆ ನಿಂತು, "ನಿನ್ ಕೈ ಒಳ್ಳೆದು ಕಣವ್ವ" ಎಂದಿದ್ದರು. ಬಿ.ಎ. ಪಾಸಾದ ದಿನವೂ ಅವರು ಅಷ್ಟು ಉದ್ದ ಮಾತಾಡಿರಲಿಲ್ಲ.

ಸೋಲೂರಿನವರು ಹೆಣ್ಣು ನೋಡಲು ಬರುವ ದಿನ ಬಂತು. ಸಂಜೆಯ ಬಸ್ಸಿಗೆ ಬರುವವರಿದ್ದರು. ಹುಳುಗಳಿಗೆ ಮಧ್ಯಾಹ್ನದ ಸೊಪ್ಪು ಹಾಕಿ, ಅವ್ವ ತೋಟಕ್ಕೆ ಹೋದ ಸಮಯ ನೋಡಿ ನಾನು ಗುಡ್ಡದ ದಾರಿ ಹಿಡಿದೆ. ಇಳಿದು ಬರುವಷ್ಟರಲ್ಲಿ ಒಂದು ತೀರ್ಮಾನ ಮಾಡಿರಬೇಕು ಎಂಬುದು ನನ್ನ ಹಟ.

ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಪಾಪಣ್ಣ ಸಿಕ್ಕಿದ. ವಯಸ್ಸಾದವನು, ಊರಿಗೆಲ್ಲ ಮಾವ.

"ಎಲ್ಲಿಗವ್ವ ಸುಶೀಲಾ?"

"ಸುಮ್ನೆ ಮಾವ."

"ಸುಮ್ನೆ ಯಾರೂ ಗುಡ್ಡ ಹತ್ತಕ್ಕಿಲ್ಲ. ಏನಾರ ಕಳೆದೋಯ್ತಾ?"

"ಇಲ್ಲ. ಒಸಿ ಯೋಚ್ನೆ ಮಾಡದೈತೆ."

"ಅದುನ್ನ ಮನೇಲೆ ಮಾಡ್ಬೋದಲ್ಲ."

"ಮನೇಲಿ ಹುಳ ಅವೆ."

ಈ ಉತ್ತರ ಮಾತ್ರ ಅವನಿಗೆ ಸರಿ ಎನಿಸಿತು. ತಲೆಯಾಡಿಸಿ ದಾರಿ ಬಿಟ್ಟ. ಆದರೆ ಸ್ವಲ್ಪ ದೂರ ಹತ್ತಿ ತಿರುಗಿ ನೋಡಿದರೆ, ಕುರಿಹಿಂಡು ಸಮೇತ ನನ್ನ ಹಿಂದೆಯೇ ಬರುತ್ತಿದ್ದ. ನಾನು ನಿಂತರೆ ಅವನೂ ನಿಂತು ಆಕಾಶ ನೋಡುತ್ತಿದ್ದ. ಹೆಣ್ಣು ನೋಡುವ ದಿನ ಹುಡುಗಿ ಒಬ್ಬಳೇ ಬಂಡೆ ಹತ್ತುತ್ತಿದ್ದಾಳೆ ಎಂದರೆ ಅವನ ತಲೆಯಲ್ಲಿ ಏನೇನು ಓಡಿತೋ. ಹೀಗೆ ನನ್ನ ಏಕಾಂತ ವಿಹಾರ ಒಂದು ಹಿಂಡು ಕುರಿಗಳ ಮೇಲ್ವಿಚಾರಣೆಯಲ್ಲಿ ಸಾಗಿತು.

ಮೇಲೆ ತಲುಪಿ ಬಂಡೆಯ ನೆರಳಿನಲ್ಲಿ ಕುಳಿತೆ. ಸುತ್ತ ನಮ್ಮ ಸೀಮೆಯ ಬೋಳು ಬೆಟ್ಟಗಳು, ಅವುಗಳ ಕಾಲಡಿಯಲ್ಲಿ ಎತ್ತ ನೋಡಿದರತ್ತ ಹಿಪ್ಪುನೇರಳೆಯ ಹಸಿರು. ನಮ್ಮ ತೋಟದ ಹಸಿರೇ ಎಲ್ಲಕ್ಕಿಂತ ಗಾಢವಾಗಿದೆ ಎಂದು ನನಗನ್ನಿಸಿತು. ಆಮೇಲೆ ನೋಡಿದರೆ ಅದು ಪಕ್ಕದವರ ತೋಟ. ಸರಿ, ಇನ್ನು ಭವಿಷ್ಯದ ವಿಚಾರ ಎಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಎದುರು ಬಂಡೆಯ ಮೇಲೆ ಒಂದು ಓತಿಕ್ಯಾತ ಕುಳಿತು ನನ್ನನ್ನೇ ನೋಡುತ್ತಿತ್ತು. ಸೋಲೂರಿಗೆ ಹೋಗಲೇ ಎಂದು ಮನಸ್ಸಿನಲ್ಲೇ ಕೇಳಿದೆ. ತಲೆ ಆಡಿಸಿತು. ಇಲ್ಲೇ ಇರಲೇ ಎಂದೆ. ಅದಕ್ಕೂ ಆಡಿಸಿತು. ಅಷ್ಟರಲ್ಲಿ ಒಂದು ರಣಹದ್ದು ಬಂದು ನನ್ನ ತಲೆಯ ಮೇಲೆಯೇ ನಿಧಾನವಾಗಿ ಸುತ್ತತೊಡಗಿತು. ಭವಿಷ್ಯದ ಬಗ್ಗೆ ಯೋಚಿಸುವವರಿಗೆ ಅದು ಅಷ್ಟೇನೂ ಹುರುಪು ಕೊಡುವ ನೋಟವಲ್ಲ. ನಾನು ಕೈಕಾಲು ಆಡಿಸಿ, ಬದುಕಿದ್ದೇನೆ ಎಂದು ಅದಕ್ಕೆ ತೋರಿಸಿದೆ.

ಹಾಗೆ ಎದ್ದು ನಿಂತಾಗಲೇ ಕೆಳಗೆ ನಮ್ಮ ಮನೆಯಂಗಳ ಕಂಡದ್ದು. ಅವ್ವ ಚಂದ್ರಿಕೆಗಳನ್ನು ಒಂದೊಂದಾಗಿ ಎಳೆದು ತಂದು ಗೋಡೆಗೆ ಒರಗಿಸುತ್ತಿದ್ದಳು. ಚಂದ್ರಿಕೆ ಎಂದರೆ ಬಾಗಿಲಿನಷ್ಟು ದೊಡ್ಡ ಬಿದಿರು ತಟ್ಟೆ, ಹಣ್ಣಾದ ಹುಳುಗಳು ಗೂಡು ಕಟ್ಟುವುದು ಅದರ ಮೇಲೆ. ನಾಳೆ ಹಣ್ಣಾಗಬೇಕಿದ್ದ ಹುಳುಗಳು ಇವತ್ತೇ, ಎಲ್ಲ ಒಟ್ಟಿಗೆ ಹಣ್ಣಾಗಿದ್ದವು. ಕತ್ತಲಾಗುವುದರೊಳಗೆ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಇಡೀ ಬೆಳೆ ಹಾಳು. ಅಪ್ಪ ನೆಂಟರನ್ನು ಕರೆತರಲು ಬಸ್ಸಿನ ಹತ್ತಿರ ಹೋಗಿದ್ದರು. ಅವ್ವ ಒಬ್ಬಳೇ.

"ಮಾವ, ನಮ್ ಹುಳ ಹಣ್ಣಾಗವೆ. ಅವ್ವ ಒಬ್ಳೆ ಅವ್ಳೆ" ಎಂದು ಕೂಗಿದೆ. ಅಂಥ ಗಂಟಲು ನನಗಿದೆ ಎಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ಪಾಪಣ್ಣ ತಿರುಗಿ ಕೆಳಗಿನ ಹೊಲದವರಿಗೆ ಕೂಗಿದ, ಅವರು ಆಚೆ ತೋಟದವರಿಗೆ ಕೂಗಿದರು. ನಾನು ಜಾರುತ್ತ ಏಳುತ್ತ ಇಳಿದು ಮನೆ ಮುಟ್ಟುವಷ್ಟರಲ್ಲಿ ನಾಲ್ಕಾರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಹುಳು ಆರಿಸುತ್ತಿದ್ದರು. ಅಂಗಳದಲ್ಲಿ ಹೊಸ ಬಟ್ಟೆ ತೊಟ್ಟು ನಿಂತಿದ್ದವರು ಸೋಲೂರಿನವರು, ಗಂಗಾಧರ ಮತ್ತು ಅವರ ತಾಯಿ ಲಿಂಗಮ್ಮ. ಅವರನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಅಪ್ಪ ಹೆಗಲ ಟವೆಲನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು. ನನ್ನ ಲಂಗದ ತುಂಬ ಮುಳ್ಳು, ತಲೆ ತುಂಬ ಒಣಹುಲ್ಲು.

"ಕೂತ್ಕೊಳಕ್ಕೆ ಜಾಗ ಇಲ್ಲ ಅಮ್ಮ. ಕೈ ತೊಳ್ಕೊಂಡು ಒಳಕ್ಕೆ ಬನ್ನಿ" ಎಂದೆ.

ಅಪ್ಪನ ಕೈಯಿಂದ ಟವೆಲು ಬಿತ್ತು. ಲಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಳೆ ಹಿಂದಕ್ಕೆ ಸರಿಸಿ, ಬಚ್ಚಲ ಕಡೆ ನಡೆದರು. ಅವರ ಕೈ ಬಲು ಚುರುಕು. ಗಂಗಾಧರನ ಕೈಗೆ ನಾನೇ ಒಂದು ಹುಳು ಕೊಟ್ಟೆ. ಜೇನಿನ ಬಣ್ಣಕ್ಕೆ ತಿರುಗಿ ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿದ್ದ, ಚೆಲುವಾದ ಹುಳು. ಅವರ ಮುಖ ಬೆಳ್ಳಗಾಯಿತು.

"ಇದು ಕಚ್ತದಾ?"

"ಇಲ್ಲ. ನೀವು ಗಟ್ಟಿಯಾಗಿ ಹಿಡೀದಿದ್ರೆ ಸಾಕು."

ಕಣ್ಣು ಅರ್ಧ ಮುಚ್ಚಿಕೊಂಡು, ಆದರೆ ಕೈ ಬಿಡದೆ, ಆ ಮನುಷ್ಯ ದೀಪ ಹಚ್ಚುವವರೆಗೂ ಹುಳು ಆರಿಸಿದರು. ಕೊನೆಯ ಚಂದ್ರಿಕೆ ಹೊರಗೆ ಬಂದಾಗ ಅವ್ವ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು. ಗುಡ್ಡದ ಮೇಲೆ ಎಷ್ಟು ಹುಡುಕಿದರೂ ಸಿಗದ ಮಾತು, ಕೈಯಲ್ಲಿ ಲೋಟ ಹಿಡಿದಾಗ ತಾನಾಗಿ ಬಾಯಿಗೆ ಬಂತು.

"ನಾನು ಸೋಲೂರಿಗೆ ಬರಕ್ಕಾಗಲ್ಲ. ಇವರು ಇಲ್ಲಿಗೆ ಬರದಾದ್ರೆ ನಂಗೆ ಒಪ್ಪಿಗೆ ಐತೆ."

ಲಿಂಗಮ್ಮ ಕಾಫಿಯನ್ನು ನಿಧಾನವಾಗಿ ಮುಗಿಸಿದರು.

"ನಂಗೆ ಮೂರು ಜನ ಗಂಡ್ಮಕ್ಳು. ಒಬ್ಬನ್ನ ಬುಟ್ಟುಬುಟ್ರೆ ಮನೆ ಖಾಲಿ ಆಗಕ್ಕಿಲ್ಲ. ಬರವ್ನು ಅವ್ನು, ಅವನ್ನೇ ಕೇಳವ್ವ."

ಗಂಗಾಧರ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. "ಹುಳಿನ ಮನೇಲಿ ಮಲಗಿಸಕ್ಕಿಲ್ಲ ತಾನೆ?" ಎಂದರು.

ಆ ಸಲದ ಗೂಡು ಹೊಂಬಣ್ಣವಾಗಿ, ಗಟ್ಟಿಯಾಗಿ ಬಂತು. ರಾಮನಗರದ ಮಾರ್ಕೆಟ್ಟಿನಲ್ಲಿ ಕೊಳ್ಳುವವರು ಕೈಯಾಡಿಸಿ ನೋಡಿ, ಯಾರ ಬೆಳೆ ಎಂದು ಕೇಳಿದಾಗ ಅಪ್ಪ, "ನಮ್ ಸುಶೀಲಂದು" ಎಂದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮದುವೆಯಾಯಿತು. ಸೋಲೂರಿನ ಅಳಿಯ ಜಗಲಿಗೆ ಬಂದರು, ಬೆಳೆ ಮೇಲೆ ಬೆಳೆ ಬಂತು, ಬೇರೆ ಹುಳುಮನೆಯೂ ಎದ್ದಿತು.

ಕೆಲವು ವರ್ಷಗಳ ಮೇಲೆ ಒಮ್ಮೆ ನಾನೊಬ್ಬಳೇ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗಿದ್ದೆ. ಕೊಳ್ಳುವವನೊಬ್ಬ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಕೈಲಾಂಚದ ಗಂಗಾಧರಪ್ಪೋರ ಮನೆ ಗೂಡು. ಆವಯ್ಯನ ಕೈ ಅಂದ್ರೆ ಕೈ" ಎಂದು ಪಕ್ಕದವನಿಗೆ ಹೇಳಿದ. ಒಂದು ಹುಳು ಹಿಡಿಯಲು ಕಣ್ಣು ಮುಚ್ಚಿದವರ ಕೈ ಅದು, ಅದಕ್ಕೆ ಹಿಡಿಯಲು ಕಲಿಸಿದವಳು ನಾನು, ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ನನ್ನ ಕಡೆ ತಿರುಗಿ, "ನೀವು ಅವರ ಮನೆಯೋರಾ ತಾಯಿ?" ಎಂದ. ಇಷ್ಟುದ್ದ ಹೇಳಬೇಕಿದ್ದ ನಾನು, ಹೌದು ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡೆ. ಬೇಡವೆಂದರೂ ಹೆಮ್ಮೆಗೆ ಕತ್ತು ಒಂದಿಷ್ಟು ಉದ್ದವಾಗಿತ್ತು.